ವ್ಯಾನಿನ ನೆತ್ತಿಯ ಬಿಸಿಲು

ನದೀ ದಂಡೆಯ ಮಠಕ್ಕೆ ಒಂದು ಹಳೆಯ ವ್ಯಾನಿತ್ತು. ಕುರಿಗಾರರು ಬೀಡುಬಿಟ್ಟ ಕಡೆಗೆಲ್ಲ ಅದು ಹೋಗಿಬರುತ್ತಿತ್ತು. ಒಳಗೆ ಸಣ್ಣದೊಂದು ಫ್ರಿಜ್. ಫ್ರಿಜ್ಜಿನಲ್ಲಿ ಹಾವು ಕಡಿದವರಿಗೆ ಕೊಡುವ ಔಷಧಿ.

ಕಳೆದ ಸಲ ದಾರಿಯಲ್ಲಿ ಬ್ಯಾಟರಿ ಸತ್ತು ಔಷಧಿಯೆಲ್ಲ ಕೆಟ್ಟಿತ್ತು.

ಔಷಧಿ ಕೊಡುತ್ತಿದ್ದ ಡಾಕ್ಟರಮ್ಮ ಸಿಟ್ಟಾದರು. "ಒಂದು ಹಗಲು ಪೂರ್ತಿ ಫ್ರಿಜ್ ತಣ್ಣಗ ಇಟ್ಟು ತೋರಸ್ರಿ. ಅಲ್ಲೀತನಕ ಒಂದು ಬಾಟ್ಲಿನೂ ಕೊಡಂಗಿಲ್ಲ."

ಮಠದ ಗುರುವನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ಅಜ್ಜ ಶಿಷ್ಯ ಅಡಿವೆಪ್ಪನನ್ನು ಕರೆದರು.

"ಗಾಡಿ ಮ್ಯಾಲೆ ಸೋಲಾರ್ ಹಾಕಸು. ನೀನಾ ನೋಡಿ ಆರಸು."

ಅಡಿವೆಪ್ಪ ಪೇಟೆಗೆ ಹೋದ. ಅಂಗಡಿಯ ದಾವಲಸಾಬ ಮೂರು ಬಗೆಯ ಸೋಲಾರ್ ಹಲಗೆ ತೋರಿಸಿದ.

"ಇದು ಗಾಜಿಂದು. ಭಾರ, ಆದ್ರ ಬಾಳಿಕಿ ಬರತೈತಿ. ಇದು ಬಾಗೋದು. ಹಗುರ, ಆದ್ರ ಕಾದು ಕಾದು ಲಗೂನ ಸೋಲತೈತಿ. ಇದು ಮಡಚೋದು. ನಿಂತಲ್ಲೆಲ್ಲಾ ಬಿಚ್ಚಿ ಹಾಸಬೇಕು."

"ಯಾವುದು ಚಲೋ?"

"ಮೂರೂ ಚಲೋ."

"ನನಗ ಒಂದಾ ಬೇಕು."

"ಅದಕ್ಕಾ ಮೂರು ಇಟ್ಟೀನಿ."

ಅಡಿವೆಪ್ಪ ತಲೆ ಕೆರೆದುಕೊಂಡ.

"ಯಾವುದರ ಒಯ್ರಿ, ನೆರಳು ಬೀಳಬಾರದು," ಎಂದ ದಾವಲಸಾಬ. "ಅಂಗೈಯಷ್ಟು ಬಿದ್ರೂ ಸಾಕು, ಇಡೀ ಹಲಗಿ ಮಲಗತೈತಿ."

ಅಡಿವೆಪ್ಪ ಮಠಕ್ಕೆ ಮರಳಿದ.

"ಅಜ್ಜಾರ, ಮೂರರಾಗ ಯಾವುದು?"

"ಆರಸೋದು ನಿನಗ ಹೇಳೀನಿ."

ಅವನು ಟೇಪು ಹಿಡಿದು ವ್ಯಾನಿನ ನೆತ್ತಿ ಹತ್ತಿದ. ಮುಂಭಾಗದಲ್ಲಿ ಆಳೆತ್ತರದ ಬೋರ್ಡು ನಿಂತಿತ್ತು. ಅದರಲ್ಲಿ ಅಜ್ಜ ಕೈಯೆತ್ತಿ ಹರಸುತ್ತಿದ್ದರು. ಅದನ್ನು ನಿಲ್ಲಿಸಿದವನು ಅಡಿವೆಪ್ಪನೇ. ಸೋಮವಾರಕ್ಕೊಮ್ಮೆ ಹಾರ ಹಾಕುವವನೂ ಅವನೇ. ಬೋರ್ಡಿಗೆ ಹಣೆ ಮುಟ್ಟಿಸಿ, ಅದರ ಹಿಂದೆ ಉಳಿದ ಜಾಗವನ್ನು ಅಳೆದ.

ಬಾಗುವ ಹಲಗೆಯನ್ನು ಪರೀಕ್ಷೆಗೆಂದು ತಂದು ಕಟ್ಟಿದ. ವ್ಯಾನು ಎಂದಿನಂತೆ ಪಡುವಣ ಬಾಗಿಲಿಗೆ ಮುಖಮಾಡಿ ನಿಂತಿತ್ತು. ಮಧ್ಯಾಹ್ನದವರೆಗೆ ಫ್ರಿಜ್ಜಿನ ಹಸಿರು ದೀಪ ಉರಿಯಿತು. ಹೊತ್ತು ಇಳಿಯುತ್ತಿದ್ದಂತೆ ಆರಿತು.

ಅಡಿವೆಪ್ಪ ಸುತ್ತ ನೋಡಿದ. ಅಂಗಳದ ಬೇವಿನ ಮರದ ಮೇಲೆ ಸಂಶಯ ಬಂತು. ಕೊಡಲಿ ತಂದು ಎರಡು ಟೊಂಗೆ ಕಡಿದ.

ಮಾರನೆಯ ದಿನವೂ ದೀಪ ಆರಿತು.

ಹಲಗೆ ಬಿಚ್ಚಿಕೊಂಡು ಹೋಗಿ ಗಾಜಿನದನ್ನು ತಂದ. ಅದೂ ಮಧ್ಯಾಹ್ನ ದಾಟುತ್ತಲೇ ಮಲಗಿತು. ಮತ್ತೆ ಪೇಟೆಗೆ ಓಡಿದ.

ದಾವಲಸಾಬ ನಕ್ಕ. "ಹಲಗಿ ಬದಲಿ ಮಾಡಿ ಕೊಟ್ಟೆ. ಈಗ ಸೂರ್ಯನ್ನೂ ಬದಲಿ ಮಾಡಿ ಕೊಡ್ಲೇನು?"

ಮರಳಿ ಬಂದಾಗ ಮಠದ ಕಟ್ಟೆಯ ಮೇಲೆ ಕುರಿಗಾರ ಮಾಳಿಂಗ ಕೂತಿದ್ದ. ನಾಲ್ಕು ಹರದಾರಿ ನಡೆದು ಬಂದಿದ್ದ.

"ಗಾಡಿ ಯಾವಾಗ ಬರತೈತ್ರಿ? ಹುಲ್ಲು ಮಣಕಾಲುದ್ದ ಬೆಳದೈತಿ. ನಿನ್ನೆ ನನ್ನ ಸೊಸಿ ಎರಡು ಹಾವು ನೋಡ್ಯಾಳ. ಕೂಸುಗಳು ಅದರಾಗಾ ಆಡತಾವು."

ಅಡಿವೆಪ್ಪ ಒಳಗೆ ಓಡಿದ. ನೇರ ಅಜ್ಜನ ಮುಂದೆ ಹೋಗಿ ನಿಂತ.

"ಅಜ್ಜಾರ, ಹಲಗಿ ಸರಿ ಇಲ್ಲೋ, ಗಾಡಿ ಸರಿ ಇಲ್ಲೋ, ನನ್ನ ತಲಿ ಸರಿ ಇಲ್ಲೋ, ಒಂದೂ ತಿಳೀವಲ್ದು. ನೀವಾ ಹೇಳ್ರಿ."

ಅಜ್ಜ ಎದ್ದರು.

"ಏಣಿ ತಾ."

ಏಣಿ ತಂದ. ಅಜ್ಜ ಧೋತರ ಎತ್ತಿ ಕಟ್ಟಿಕೊಂಡು ಹತ್ತಿದರು. ಹಲಗೆಯ ಮೇಲೆ ಬಿದ್ದ ನೆರಳನ್ನು ನೋಡಿದರು.

"ಪಾನಾ ಕೊಡು."

ಹಲಗೆಯ ಬೋಲ್ಟು ಬಿಗಿ ಮಾಡುತ್ತಾರೆಂದುಕೊಂಡು ಅಡಿವೆಪ್ಪ ಪಾನಾ ಕೊಟ್ಟ. ಒಂದು ಬೋಲ್ಟು ಕಳಚಿ ಕೆಳಗೆ ಬಿತ್ತು. ಇನ್ನೊಂದು ಬಿತ್ತು. ಮೂರನೆಯದು ಬಿದ್ದಾಗ ಅವನಿಗೆ ಅರಿವಾಯಿತು.

"ಅಜ್ಜಾರ! ಅದು ನಿಮ್ಮ ಫೋಟೋ!"

"ಗೊತ್ತೈತಿ. ಹಿಡಕೋ, ಭಾರ ಐತಿ."

ಬೋರ್ಡು ಕೈಗೆ ಬಂತು. ಎಲ್ಲಿಡಬೇಕೋ ಅಡಿವೆಪ್ಪನಿಗೆ ತೋಚಲಿಲ್ಲ. ನೆಲಕ್ಕಿಡುವಂತಿಲ್ಲ. ಗೋಡೆಗೆ ಮುಖಮಾಡಿ ನಿಲ್ಲಿಸುವಂತಿಲ್ಲ. ಅಪ್ಪಿಕೊಂಡು ನಿಂತೇ ಇದ್ದ.

ವ್ಯಾನಿನೊಳಗೆ ಇಣುಕಿದ ಮಾಳಿಂಗ ಕೂಗಿದ. "ಹಸರ ದೀಪ ಹತ್ತಿತ್ರೀ!"

"ಯಾವ ಹಲಗಿ ಇಡತಿ?" ಅಜ್ಜ ಮೇಲಿಂದಲೇ ಕೇಳಿದರು.

"ಗಾಜಿಂದಾ ಇರಲಿ," ಎಂದ ಅಡಿವೆಪ್ಪ. ಹೇಳಿದ ಮೇಲೂ ಅವನ ಗೊಂದಲ ಹೋಗಲಿಲ್ಲ. ಬೋರ್ಡಿನ ಅಂಚಿನಿಂದ ಮುಖ ಎತ್ತಿದ.

"ಆದ್ರ ಅಜ್ಜಾರ, ಇದಿಲ್ದ ಹೋದ್ರ ಇದು ಯಾರ ಗಾಡಿ ಅಂತ ಮಂದಿಗೆ ಹೆಂಗ ತಿಳೀಬೇಕು?"

ಅಜ್ಜ ಒಂದೊಂದೇ ಮೆಟ್ಟಿಲು ಇಳಿದರು. ಪಾನಾವನ್ನು ಅವನ ಕಿಸೆಗೆ ಹಾಕಿದರು.

"ಹಾವು ಕಡದಾಂವ ಗಾಡಿ ಯಾರದು ಅಂತ ಕೇಳಂಗಿಲ್ಲ."