ಸಕ್ರೆವ್ವ ಹೊಲಿದ ಪೈಲ್ವಾನನ ಕೌದಿ

ಬಾಳ ಹಿಂದಿನ ಮಾತು. ಎಷ್ಟು ಹಿಂದಿಂದು ಅಂತ ಕೇಳಬ್ಯಾಡ್ರಿ, ನನಗ ಹೇಳಿದಾಕಿಗೂ ಗೊತ್ತಿರಲಿಲ್ಲ. ಹೊಳಿ ದಂಡಿಮ್ಯಾಲೆ ಒಂದೂರು. ಕಥಿ ಅಂದಮ್ಯಾಲೆ ಒಂದೂರು ಅಂತನ ಹೇಳಬೇಕು, ಖರೆ ಅಂದ್ರ ಇದ ನಮ್ಮ ಬೆಣಚಮಟ್ಟಿ. ಈ ಊರಾಗ ಸಕ್ರೆವ್ವ ಅಂತ ಕೌದಿ ಹೊಲಿಯೂ ಹೆಣಮಗಳೊಬ್ಬಾಕಿ ಇದ್ದಳಂತ. ಹೆಸರಷ್ಟ ಸಕ್ರೆವ್ವ, ಬಾಯಿ ತೆಗದ್ರ ಬೇವಿನ ತಪ್ಪಲ. ಆಕಿ ಮನಿ ಮುಂದ ಹಾದು ಹೋಗೂ ನಾಯಿನೂ ಬಾಲ ಮುದುರಿಕೊಂಡು ಹೋಗ್ತಿತ್ತು ಅಂತಾರ. ನಾಯಿದು ಸುಳ್ಳಿರಬೇಕು, ಬೇವಿಂದು ಖರೆ.

ಆಗ ಕೌದಿ ಅಂದ್ರ ಕೈಯಿಂದ ಹೊಲಿಯೂದು. ಹಳೇ ಸೀರಿ, ಹಳೇ ಧೋತರ ಒಂದರಮ್ಯಾಲೊಂದು ಹಾಸಿ, ಮ್ಯಾಲೆ ಬಣ್ಣಬಣ್ಣದ ತುಂಡು ಇಟ್ಟು, ನಾಕು ಮಂದಿ ಹೆಣಮಕ್ಕಳು ನಾಕು ಮೂಲಿಗೆ ಕುಂತು ಹೊಲಿತಿದ್ರು. ಸಕ್ರೆವ್ವಗ ನಾಕು ಮಂದಿ ಜೋಡಿ ಸರಿ ಬರತಿರಲಿಲ್ಲ. ಒಬ್ಬಾಕಿನ ಹೊಲದು ಹೊಲದು ಬೆರಳು ಸೊಟ್ಟ ಆದುವಂತ. ಸೂಜಿ ಹಿಡಿಯಾಕ ಬರಲಾರದಂಗ ಆದಾಗ ತವರಮನಿಯವರು, ಪಾಪ, ಒಂದು ಆಕಳ ಕೊಡತೀವಿ, ಹೈನ ಮಾಡಕೊಂಡಿರು ಅಂದ್ರಂತ. ಆಕಳ ನೀವ ಇಟ್ಟಕೋರಿ, ನನಗೊಂದು ಕಾಲಮಷಿನ್ ಕೊಡ್ರಿ ಅಂದಳಂತ. ಬೆಣಚಮಟ್ಟಿಗೆ ಬಂದ ಮೊದಲನೇ ಹೊಲಿಗಿ ಮಷಿನ್ ಅದು ಅಂತಾರ. ಊರ ಮಂದಿ ಅದಕ್ಕ ಕುಂಕುಮ ಹಚ್ಚಿ ಕಾಯಿ ಒಡೆದ್ರು, ಆಮ್ಯಾಲೆ ನಕ್ಕರು. ಕುಬಸ ಹೊಲಿಯೂ ಮಷಿನ್ನಾಗ ಕೌದಿ ಹೊಲಿತಾಳಂತ ಈಕಿ!

ಮೊದಲು ಕೂಸಿನ ಸಣ್ಣಸಣ್ಣ ಕೌದಿ ಹೊಲದಳು. ನಗೂದು ನಿಂತಿತು. ಆದ್ರ ಆಕಿದೊಂದು ನೇಮ ಇತ್ತು. ಮಷಿನ್ ಮುಂದ ಕುಂತಾಗ ಯಾರೂ ಹೊಸ್ತಿಲ ದಾಟಬಾರದು. ಬ್ಯಾರೆಯವರ ಕೈ ಬಿದ್ರ ಹೊಲಿಗಿ ಕೆಡತೈತಿ ಅಂತಿದ್ಲಂತ.

ಅದ ಊರಾಗ ನಿಂಬೆವ್ವ ಅಂತ ಒಬ್ಬಾಕಿ. ಗಂಡ ಇಲ್ಲ, ಒಬ್ಬನ ಮಗ, ಸೋಮನಿಂಗ. ಕುಸ್ತಿ ಪೈಲ್ವಾನ. ಬಾಗಲದಾಗ ಬಗ್ಗಿ ಬರತಿದ್ದ, ಒಂದು ಸಲಕ್ಕ ಇಪ್ಪತ್ತು ರೊಟ್ಟಿ ತಿಂತಿದ್ದ ಅಂತಾರ. ಇಪ್ಪತ್ತು ಅನ್ನೂದು ಈಗಿನ ಮಾತು, ನಾ ಸಣ್ಣಾಕಿದ್ದಾಗ ಕಥಿಯೊಳಗ ಹನ್ನೆರಡ ಇದ್ದುವು. ಅಂಥ ಆಳು ಮೂರು ದಿನದ ಜ್ವರಕ್ಕ ಹೋದ.

ಅಂವ ಹೋದಮ್ಯಾಲೆ ನಿಂಬೆವ್ವ ಅವನ ಅರಬಿ ಮುಟ್ಟಲಿಲ್ಲಂತ. ಗೂಟಕ್ಕ ಹಾಕಿದ್ದು ಗೂಟದಾಗ, ಒಣಾಕ ಹಾಕಿದ್ದು ಹಗ್ಗದಮ್ಯಾಲೆ. ಆಕಿ ಮೈದುನ, ಆ ಮನಿಗೆ ಹಿರೇಮನಶ್ಯಾ, ಬಂದು ಹೇಳಿದ. ಸತ್ತವರ ಅರಬಿ ಹಿಂಗ ಮನ್ಯಾಗ ಇಡಬಾರದು, ಅಮಾಸಿಗೆ ಬಂದು ಎಲ್ಲಾ ಒಯ್ದು ಹೊಳಿಗೆ ಬಿಡತೀನಿ ಅಂದ. ನಿಂಬೆವ್ವ ಕಾಲು ಹಿಡಕೊಂಡ್ಲು. ಕೌದಿ ಮಾಡಿಸ್ತೀನಿ, ಕೌದಿ ಆದಮ್ಯಾಲೆ ಅದು ಅರಬಿ ಅಲ್ಲ, ಇಟ್ಟಕೋಬಹುದಲ್ಲ ಅಂದಳಂತ. ಅಮಾಸಿಯೊಳಗ ಆತಂದ್ರ ಇಟ್ಟಕೋ, ಇಲ್ಲಾಂದ್ರ ಹೊಳಿಗೆ, ಅಂದು ಹೋದ. ಕೆಟ್ಟ ಮನಶ್ಯಾ ಅಲ್ಲ ಅಂವ, ಪದ್ಧತಿ ಹಂಗಿತ್ತು. ಅಮಾಸಿ ಹನ್ನೊಂದು ದಿನ ಉಳದಿತ್ತು.

ನೆರಮನಿಯವರು ಅರಬಿ ಎಲ್ಲಾ ತೆಗದು ಗಂಟು ಕಟ್ಟಿ ಕೊಟ್ರು, ಕೌದಿ ಹೊಲಿಯೂ ಹೆಣಮಕ್ಕಳು ಅದನ್ನ ನೋಡಿ ಗಾಬರಿ ಆದ್ರು. ಆರು ಧೋತರ, ಎಂಟು ಅಂಗಿ, ಹನ್ನೆರಡು ಮೊಳದ ರುಮಾಲ ಮೂರು, ಕಂಬಳಿ ಅಂಗಿ ಒಂದು. ಎಲ್ಲಾ ಪೈಲ್ವಾನನ ಅಳತಿವು. ಅರ್ಧ ತೆಗದಿಡು, ಅರ್ಧದ್ದು ಹೊಲಿತೀವಿ ಅಂದ್ರು. ನಿಂಬೆವ್ವ ಒಂದು ರುಮಾಲಿನ ಚುಂಗು ಸೈತ ತೆಗ್ಯಾಕ ಒಪ್ಪಲಿಲ್ಲ. ಕಡೀಕ ಬ್ಯಾರೆ ದಾರಿ ಇಲ್ಲದ ಸಕ್ರೆವ್ವನ ಬಾಗಲಕ್ಕ ಬಂದ್ಲು. ಗಂಟು ತಾನು ಹೊರಲಿಲ್ಲ, ನೆರಮನಿಯವರ ತಲಿಮ್ಯಾಲೆ ಹೊರಿಸಿಕೊಂಡು ಬಂದ್ಲಂತ. ಸಕ್ರೆವ್ವ ಗಂಟು ನೋಡಿದ್ಲು, ಆಕಿ ಮಾರಿ ನೋಡಿದ್ಲು. "ಇಟ್ಟು ಹೋಗು" ಅಂದ್ಲು. ಅಷ್ಟ.

ಈಗ ನೆಟ್ಟಗ ಕೇಳ್ರಿ, ಹೊಲಿಗಿ ಕಲಿಯಾಕ ಬಂದವರು. ದೊಡ್ಡ ಕೌದಿ ಮಷಿನ್ನಾಗ ಹೊಲಿಯೂದು ಅಂದ್ರ ಸೂಜಿದು ತ್ರಾಸ ಅಲ್ಲ, ಭಾರದ್ದು ತ್ರಾಸ. ಮಷಿನ್ನಿನ ಕುತ್ತಿಗಿ ಕೆಳಗ ಒಂದು ಗೇಣು ಜಾಗ. ಅದರಾಗ ಅರ್ಧ ಕೌದಿ ಹಿಡಸಬೇಕು. ಸಕ್ರೆವ್ವ ಎರಡೂ ಬದಿಯಿಂದ ಚಾಪಿ ಸುತ್ತಿದಂಗ ಸುತ್ತಿ, ನಡುವ ಒಂದು ಗೇಣು ಬಿಟ್ಟು, ಅಲ್ಲಿ ಸೂಜಿ ಇಳಿಸಿದ್ಲು. ಅಂಚಿನಿಂದ ಹೊಲಕೋತ ಬಂದ್ರ ನಡುವ ಬಟ್ಟಿ ಗುಪ್ಪಿ ಬೀಳತೈತಿ, ಅದಕ್ಕ ನಡುವಿಂದ ಹೊರಗ ಹೋಗಬೇಕು. ಇದನ್ನ ಮೊದಲು ಕಂಡಾಕಿ ಆಕಿನ ಅಂತಾರ. ಅಲ್ಲಿತನಕ ಚೊಲೊ ಆತು. ಆದ್ರ ನಾಕು ಬೆರಳು ಹೊಲಿಯೂದರಾಗ ಉಳದ ಕೌದಿ ಮೇಜಿನ ಅಂಚಿನಿಂದ ಕೆಳಗ ಜಾರಿತು. ಅದು ಅತ್ತಾಗ ಎಳೀತು, ಈಕಿ ಇತ್ತಾಗ ಎಳದ್ಲು. ಟಣ್ ಅಂತ ಸೂಜಿ ಮುರೀತು.

ಏಳು ಸೂಜಿ ಮುರದ್ಲು ಅಂತಾರ. ಎಪ್ಪತ್ತು ಅನ್ನಾವರೂ ಅದಾರ. ಸೂಜಿ ತರಾಕ ಸಂತಿ ಊರಿಗೆ ನಡಕೊಂಡು ಹೋಗಿ ಬರಬೇಕಿತ್ತು, ಅದಕ್ಕ ಎರಡು ದಿನ ಹೋತು. ಜಂತಿಗೆ ಹಗ್ಗ ಕಟ್ಟಿ ಕೌದಿ ಜೋತಬಿಟ್ಲು. ಕಾಲು ತುಳದಂಗ ಅದೂ ತೂಗಾಡಿ ಹೊಲಿಗಿ ಹಾವು ಹರದಂಗ ಹೋತು. ಕುಂತು ಎಲ್ಲಾ ಬಿಚ್ಚಿದ್ಲು. ಹೆಗಲಮ್ಯಾಲೆ ಹೊತಗೊಂಡು ಹೊಲದ್ಲು. ಕುತ್ತಿಗಿ ಹಿಡೀತು, ಹೊಳ್ಳಿ ನೋಡಾಕ ಬರಲಾರದ ಎರಡು ದಿನ ಗ್ವಾಡಿ ನೋಡಕೋತ ಕುಂತ್ಲಂತ. ಆಮ್ಯಾಲೆ ಎಡಕ್ಕೊಂದು, ಹಿಂದಕ್ಕೊಂದು ಮಲಗೂ ಹೊರಸು ಹಾಕಿ, ಮ್ಯಾಲೆ ಜ್ವಾಳದ ಚೀಲ ಇಟ್ಟು ಮೇಜಿನ ಎತ್ತರಕ್ಕ ಮಾಡಿದ್ಲು. ಇದು ನಡೀತು. ಕೌದಿ ಜೋತಬೀಳಲಿಲ್ಲ, ಸೂಜಿ ನೆಟ್ಟಗ ಹೋತು. ಆದ್ರ ಗೇಣಿಗೊಮ್ಮೆ ಎದ್ದು ಹೋಗಿ ಕೌದಿ ಸಡಲ ಮಾಡಿ ಬರಬೇಕು. ಒಂದು ಸಾಲಿಗೆ ಹತ್ತು ಸಲ ಏಳೂದು, ಹತ್ತು ಸಲ ಕೂಡೂದು. ಅಮಾಸಿ ಎರಡು ದಿನ ಐತಿ ಅನ್ನೂದರಾಗ ಅರ್ಧ ಸೈತ ಆಗಿರಲಿಲ್ಲ. ಯಾರನ್ನರ ಕರೀಬಹುದಿತ್ತಲ್ಲ ಅಂತೀರಿ. ಕರದ್ರ ಆಕಿ ಸಕ್ರೆವ್ವ ಹೆಂಗಾದಾಳು!

ಅವತ್ತು ಮುಂಜಾನಿ ನಿಂಬೆವ್ವ ಬಂದು ಹೊಸ್ತಿಲ ಹೊರಗ ಕುಂತ್ಲು. ಆತೇನು ಅಂತ ಕೇಳಾಕೂ ಅಂಜಿಕಿ ಆಕಿಗೆ. ಸಕ್ರೆವ್ವ ನೋಡಿದ್ರೂ ನೋಡದಂಗ ತುಳಿಯಾಕ ಹತ್ತಿದ್ಲು. ಎಡಕಿನ ಹೊರಸಿನಮ್ಯಾಲಿನ ಒಂದು ಚೀಲ ಸರೀತು. ಕೌದಿ ಸುರುಳಿ ಬಿಚ್ಚಿ ಇಡೀ ಭಾರ ನೆಲಕ್ಕ ಹೊಂಟಿತು, ಸೂಜಿ ಇನ್ನೂ ಅದರೊಳಗ. ಅದ ಕಡೀ ಸೂಜಿ. ನಿಂಬೆವ್ವ ಯಾವಾಗ ಹೊಸ್ತಿಲ ದಾಟಿದ್ಲೋ ಆಕಿಗೂ ಗೊತ್ತಿಲ್ಲ. ಹೊರಸಿನ ಅಂಚಿಗೆ ಕುಂತು ಎರಡೂ ಕೈಲಿ ಅದನ್ನ ತೊಡಿಮ್ಯಾಲೆ ಎಳಕೊಂಡ್ಲು.

ಸಕ್ರೆವ್ವ ಬೈಯಾಕ ಬಾಯಿ ತೆಗದ್ಲಂತ. ತೆಗದಾಕಿ ಹೊಲಿಗಿ ನೋಡಿದ್ಲು. ಸೂಜಿ ಮುರದಿರಲಿಲ್ಲ, ಸಾಲು ನೆಟ್ಟಗಿತ್ತು. ಆಮ್ಯಾಲೆ ನಿಂಬೆವ್ವನ ಮಾರಿ ನೋಡಿದ್ಲು. ನಿಂಬೆವ್ವ ಮಗನ ಕಂಬಳಿ ಅಂಗಿಯ ತುಂಡು ಮುಷ್ಟಿಯೊಳಗ ಹಿಡದಿದ್ಲು, ಅಂವ ಹೋದಮ್ಯಾಲೆ ಮೊದಲನೇ ಸಲ.

"ಎಷ್ಟು ಭಾರ ಆಗ್ಯಾನವ್ವಾ" ಅಂದ್ಲಂತ ನಿಂಬೆವ್ವ. "ಸಣ್ಣಾಂವ ಇದ್ದಾಗೂ ನಿದ್ದಿ ಹತ್ತಿದಮ್ಯಾಲೆ ಹಿಂಗ ಭಾರ ಆಗತಿದ್ದ." ಅಂದು ಅತ್ತಳು. ಮಗ ಹೋದಾಗ ಆಕಿ ಅತ್ತಿರಲಿಲ್ಲ, ಅದಕ್ಕ ಊರ ಮಂದಿ ಏನೇನೋ ಮಾತಾಡಿದ್ರು.

ಸಕ್ರೆವ್ವ, ಅಂಥ ಬಾಯಿನಾಕಿ, ಮಷಿನ್ನಿನ ಗಾಲಿ ಹಿಡದು ನಿಂದರಿಸಿದ್ಲಂತ. ಆಕಿ ಅಳೂದು ನಿಲ್ಲೂತನಕ ಕಾಲು ತುಳೀಲಿಲ್ಲ. ಆಮ್ಯಾಲೆ "ಏಳಬ್ಯಾಡ. ನಾ ತುಳದಷ್ಟ ಬಿಡು, ಹೆಚ್ಚು ಬಿಡಬ್ಯಾಡ" ಅಂದ್ಲು. ನಿಂಬೆವ್ವ ಗೇಣು ಗೇಣು ಬಿಟ್ಟಳು. ಇದು ಕುಸ್ತಿ ಗೆದ್ದಾಗ ಸುತ್ತಿದ ರುಮಾಲ, ಇದು ಎತ್ತಿನ ಕೊಂಬಿಗೆ ಸಿಕ್ಕು ಹರದ ಅಂಗಿ, ಅಂತ ಒಂದೊಂದಾಗಿ ಹೇಳಕೋತ ಬಿಟ್ಟಳು. ಸಕ್ರೆವ್ವ ಹೂಂ ಹೂಂ ಅಂದಳು. ಎರಡು ದಿನ ಹಿಂಗ ನಡೀತು ಅಂತಾರ.

ಅಮಾಸಿ ದಿನ ಮೈದುನ ಗಂಟು ಕಟ್ಟಾಕ ಚಾದರ ತಗೊಂಡು ಬಂದ. ಕಡೀ ಸಾಲು ಉಳದಿತ್ತು. ಅಂವ ಬಾಗಲದಾಗ ನಿಂತ. ಸಕ್ರೆವ್ವ ಹೊಳ್ಳಿ ಸೈತ ನೋಡಲಿಲ್ಲ. ಬೆಳಕಿಗೆ ಅಡ್ಡ ನಿಂದರಬ್ಯಾಡ, ಬಂದು ಆ ಹಿಂದಿನ ಅಂಚು ಎತ್ತಿ ಹಿಡಿ ಅಂದ್ಲಂತ. ಅಂವ ಹಿಡದ. ಅಣ್ಣನ ಮಗ ಅಲ್ಲೇನು ಅವಗೂ! ಅವನ ಕಣ್ಣಾಗೂ ನೀರು ಬಂದುವು ಅಂತಾರ. ಹೊತ್ತು ಮುಳುಗೂದರಾಗ ಕೌದಿ ಆತು, ಎಲ್ಲಾ ಅರಬಿ ಅದರಾಗ ಕೂಡಿದ್ದುವು. ಹೊಳಿಗೆ ಏನೂ ಹೋಗಲಿಲ್ಲ.

ಈಗ ಕಥಿ ಬಾಳ ಬೆಳದೈತಿ. ಆ ಕೌದಿ ಮೂರು ಮನಿ ಮಾಳಿಗಿ ಮುಚ್ಚತಿತ್ತು ಅಂತಾರ. ಸತ್ತ ಪೈಲ್ವಾನ ತಾನ ಬಂದು ಎತ್ತಿ ಹಿಡದ, ಇಲ್ಲಾಂದ್ರ ಅಷ್ಟು ಭಾರ ಯಾರು ಹಿಡದಾರು ಅಂತಾರ. ಥೂ, ಸುಳ್ಳು! ಹಿಡದಾಕಿ ಅವ್ವ. ಅವ್ವಗ ಅಷ್ಟು ಆಗೂದಿಲ್ಲೇನು?

ಬೆಣಚಮಟ್ಟಿಯೊಳಗ ಈಗ ಕರೆಂಟಿನ ಮಷಿನ್ ಬಂದಾವು, ದೊಡ್ಡ ಮೇಜು ಬಂದಾವು. ದಿನದ ಕೌದಿಗೆ ಎಡಕ್ಕೊಂದು, ಹಿಂದಕ್ಕೊಂದು ಮೇಜು ಜೋಡಿಸಿಕೊಂಡು ಒಬ್ಬೊಬ್ಬರ ಹೊಲಿತಾರ. ಆದ್ರ ಸತ್ತವರ ಅರಬಿಯ ಕೌದಿ ಅಂದ್ರ ಎಡಕ್ಕ ಮೇಜು ಇಡೂದಿಲ್ಲ. ಅಲ್ಲಿ ಹೊರಸು ಹಾಕತಾರ. ಹೋದವರು ಯಾರಿಗೆ ಹೆಚ್ಚು ಬೇಕಾಗಿದ್ರೋ ಅವರು ಅಲ್ಲಿ ಕುಂತು, ತೊಡಿಮ್ಯಾಲೆ ಭಾರ ಹಿಡೀಬೇಕು. ಅವರು ಅತ್ರ ಮಷಿನ್ ನಿಂದರತೈತಿ. ಸಮಾಧಾನ ಮಾಡಕೋ ಅಂತ ಯಾರೂ ಹೇಳೂದಿಲ್ಲ, ಲಗೂ ಮಾಡು ಅನ್ನೂದಿಲ್ಲ. ಸಕ್ರೆವ್ವಗ ಗುಡಿ ಇಲ್ಲ, ಗದ್ದಗಿ ಇಲ್ಲ, ಇದಷ್ಟ.

ಹ್ವಾದ ವರ್ಷ ನಮ್ಮ ಮನಿಯವರ ಕೌದಿ ಹೊಲಿಯೂವಾಗ ಆ ಹೊರಸಿನಮ್ಯಾಲೆ ನಾನೂ ಕುಂತೆ. ಎರಡು ಧೋತರ, ಮೂರು ಅಂಗಿ. ಬಡಕಲ ಮೈ ಅವರದು, ಅದರಾಗ ಏನು ಭಾರ ಇದ್ದೀತು. ಕಡೀ ಸಾಲು ಮುಗದು, ಸೊಸಿ ದಾರ ಕತ್ತರಿಸಿ, ಆತು ಅತ್ತಿ, ಇನ್ನ ಏಳ್ರಿ ಅಂದ್ಲು. ಒಂದೀಟು ತಡೀ ಅಂದೆ.