ಕರಡಿ ಲೆಕ್ಕಕ್ಕೆ ಹಿಡಿಯದ ಔಷಧಿ

ಮುದಿ ಕರಡಿಗೆ ಸಕ್ಕರೆ ಕಾಯಿಲೆ. ಮುಂಗುಸಿ ಪಂಡಿತರು ಕೊಟ್ಟ ಬೇರಿನ ಪುಡಿಯನ್ನು ಅದು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಆದರೂ ವಾರದಿಂದ ಬೆಳಿಗ್ಗೆ ಎದ್ದರೆ ಬೆವರು, ನಡುಕ, ತಲೆಸುತ್ತು. ನಿನ್ನೆಯಂತೂ ಅರ್ಧ ಮರ ಹತ್ತಿ ಕೆಳಗೆ ಬಿದ್ದಿತ್ತು. ತಾನು ಮರ ಹತ್ತುವ ಕಾಲ ಮುಗಿದೇಹೋಯಿತೇನೋ ಎಂದು ಹೆದರಿ, ಹೆಂಡತಿಯನ್ನು ಕರೆದುಕೊಂಡು ಪಂಡಿತರ ಬಿಲದ ಬಾಗಿಲಿಗೆ ಬಂದಿತು.

“ನನ್ನ ಪುಡಿಯಲ್ಲದೆ ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತೀರಾ?” ಪಂಡಿತರು ಕೇಳಿದರು.

“ಏನೂ ಇಲ್ಲ ಪಂಡಿತರೇ.”

ಪಂಡಿತರು ತಲೆಸುತ್ತಿಗೆಂದು ಇನ್ನೊಂದು ಬೇರನ್ನು ಅರೆಯತೊಡಗಿದರು.

“ಹಾಗಲಕಾಯಿ ರಸದ ವಿಷಯ ಹೇಳ್ರೀ,” ಹೆಂಡತಿ ನಡುವೆ ಬಾಯಿ ಹಾಕಿತು.

“ಅದು ತರಕಾರಿ ಕಣೇ. ಔಷಧಿ ಹೇಗಾಗುತ್ತೆ?”

“ಮುಳ್ಳುಹಂದಿ ಅಣ್ಣ ಕೊಟ್ಟ ಮೆಂತ್ಯದ ಪುಡಿ?”

“ಅದು ಅಡುಗೆಗೆ ಹಾಕೋದು.”

“ದಿನಕ್ಕೆ ಎರಡು ಹಿಡಿ ಯಾರು ಹಾಕ್ತಾರೆ?”

ಪಂಡಿತರ ಕೈ ನಿಂತಿತು. “ಇವೆಲ್ಲ ಯಾತಕ್ಕೆ?”

“ಸಕ್ಕರೆ ಇಳಿಯಲಿ ಅಂತ,” ಎಂದಿತು ಕರಡಿ.

“ನನ್ನ ಪುಡಿಯೂ ಅದಕ್ಕೇ. ಮೂರೂ ಸೇರಿ ಸಕ್ಕರೆಯನ್ನು ಪಾತಾಳಕ್ಕೆ ತಳ್ಳಿರಬೇಕು, ನೀವು ಬಿದ್ದದ್ದು ಅದರಿಂದಲೇ.” ಪಂಡಿತರು ಅರೆದದ್ದನ್ನು ಹೊರಗೆ ಚೆಲ್ಲಿದರು. “ಬಾಯಿಗೆ ಹಾಕಿಕೊಳ್ಳುವುದನ್ನೆಲ್ಲ ಹೇಳಿ. ಔಷಧಿ ಹೌದೋ ಅಲ್ಲವೋ, ಅದನ್ನು ನಾನು ನೋಡಿಕೊಳ್ಳುತ್ತೇನೆ.”

ಕರಡಿ ಹೆಂಡತಿಗೂ ಗೊತ್ತಿಲ್ಲದ ಒಂದು ಎಲೆಯ ಪೊಟ್ಟಣವನ್ನು ಕಂಕುಳಿನಿಂದ ತೆಗೆದು ಪಂಡಿತರ ಮುಂದಿಟ್ಟಿತು.

“ಇದು ನರಿ ಕೊಟ್ಟದ್ದು. ಏನಂತ ನಾನೂ ಕೇಳಲಿಲ್ಲ.”