ಮಡಕೆ ಪಾಠ ದಾಟದೆ ಬಂದ ಪೈಲ್ವಾನ

ಕಪಿಲೆಯ ದಡದಲ್ಲಿ ನಿರ್ವಾಣಯ್ಯ ಗುರುಗಳ ಆಶ್ರಮವಿತ್ತು. ಮುರಿದ ಮೂಳೆ ಕೂಡಿಸುವ ವಿದ್ಯೆಯನ್ನು ಅವರು ಶಿವಪೂಜೆಯಷ್ಟೇ ಭಕ್ತಿಯಿಂದ ಕಲಿಸುತ್ತಿದ್ದರು.

ಅಲ್ಲಿ ಎರಡು ಪಾಠ. ಮೊದಲನೆಯದು ಮಡಕೆ ಪಾಠ. ಹೊಸ ಮಡಕೆಯನ್ನು ಗೋಣಿಚೀಲದೊಳಗಿಟ್ಟು ಒಡೆದು, ಚೀಲದ ಬಾಯಿ ಕಟ್ಟಿಬಿಡುವರು. ಶಿಷ್ಯನಾದವನು ಚೀಲ ಬಿಚ್ಚಬಾರದು. ಹೊರಗಿನಿಂದಲೇ ಬೆರಳಾಡಿಸಿ, ಚೂರಿಗೆ ಚೂರು ಹೊಂದಿಸಿ, ಒಳಗೆ ಮಡಕೆ ಮತ್ತೆ ಮಡಕೆಯಾದದ್ದನ್ನು ಎರಡು ಕೈಯಲ್ಲಿ ಹಿಡಿದು ತೋರಿಸಬೇಕು. ಅದು ಕೈಗೆ ಹತ್ತಲು ಕೆಲವರಿಗೆ ವರ್ಷಗಳೇ ಹಿಡಿಯುತ್ತಿದ್ದವು.

ಆಮೇಲೆ ಮೈ ಪಾಠ. ನೊಂದು ಬಂದವರ ಮೈ ಮುಟ್ಟಿ ಕಲಿಯುವುದು. ಅದನ್ನು ಮುಗಿಸಿದವನ ಹಣೆಗೆ ಗುರುಗಳು ವಿಭೂತಿ ಹಚ್ಚಿ, "ಹೋಗು, ಮುಟ್ಟು" ಎಂದು ಅಪ್ಪಣೆ ಕೊಡುವರು. ಆ ಅಪ್ಪಣೆ ಪಡೆದವನನ್ನು ಯಾವ ಊರೂ 'ನೀನು ಯಾರು' ಎಂದು ಕೇಳುತ್ತಿರಲಿಲ್ಲ.

ಮಡಕೆ ದಾಟದೆ ಮೈಗೆ ಹೋದವರು ಆಶ್ರಮದಲ್ಲಿ ಒಬ್ಬರೂ ಇರಲಿಲ್ಲ.

ಒಂದು ಬೆಳಿಗ್ಗೆ ಪೈಲ್ವಾನ ಜವರಪ್ಪ ಬಂದ. ಬಾಗಿಲಿಗಿಂತ ಅಗಲವಾದ ಆಸಾಮಿ. ತಲೆ ತಗ್ಗಿಸಿ, ಭುಜ ಓರೆ ಮಾಡಿಕೊಂಡು ಒಳಗೆ ಬಂದು ಅಡ್ಡಬಿದ್ದ.

"ನನ್ನನ್ನ ಮೈ ಪಾಠಕ್ಕೆ ಸೇರಿಸ್ಕೊಬೇಕು, ಬುದ್ಧಿ" ಎಂದ.

"ಮಡಕೆ?"

"ಮಡಕೆ ಬೇಡ, ಬುದ್ಧಿ."

ಚೀಲಗಳ ಮುಂದೆ ಕೂತಿದ್ದ ಶಿಷ್ಯರು ತಲೆ ಎತ್ತಿದರು.

ಜವರಪ್ಪ ತನ್ನ ಕಥೆ ಹೇಳಿಕೊಂಡ. ಮೀಸೆ ಮೂಡುವ ಮೊದಲೇ ಗರಡಿ ಸೇರಿದವನು. ಕುಸ್ತಿಯಲ್ಲಿ ಭುಜ ಜಾರಿದವರನ್ನು ಅವನ ಉಸ್ತಾದರು ಕೂರಿಸುತ್ತಿದ್ದರು, ಇವನು ಕಾಲು ಹಿಡಿಯುತ್ತಿದ್ದ. ಉಸ್ತಾದರು ತೀರಿಕೊಂಡ ಮೇಲೆ ಇವನೇ ಕೂರಿಸತೊಡಗಿದ. ಜಾರಿದ ಭುಜ ಇವನ ಕೈಗೆ ಬಂದರೆ ಕೂತಿತು ಎಂದೇ ಲೆಕ್ಕ. ಗರಡಿಯ ಹುಡುಗರು, ಗಾಡಿ ಹೊಡೆಯುವವರು, ಮೂಟೆ ಹೊರುವವರು, ಎಲ್ಲ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಓದು ಬರಹ ಹತ್ತಿರಲಿಲ್ಲ. ಯಾವ ಗುರುವಿನ ಮುಂದೆಯೂ ಕೂತು ಕಲಿತದ್ದಿಲ್ಲ.

ಅಲ್ಲೇ ತೊಡಕಾಯಿತು. ನಿನಗೆ ಅಪ್ಪಣೆ ಕೊಟ್ಟ ಗುರು ಯಾರು ಎಂದು ಊರಿನ ಯಜಮಾನರು ಅರಳಿಕಟ್ಟೆಯಲ್ಲಿ ಕೂರಿಸಿ ಕೇಳಿದರು. ಅಪ್ಪಣೆ ತಾ, ಇಲ್ಲವೇ ಇನ್ನು ಯಾರನ್ನೂ ಮುಟ್ಟಬೇಡ ಎಂದುಬಿಟ್ಟರು.

"ಅದಕ್ಕೇ ಹೊರಟು ಬಂದೆ, ಬುದ್ಧಿ. ಬರೋವಾಗ ಆಣೆ ಇಟ್ಟು ಬಂದಿದೀನಿ. ಮೈ ಪಾಠಕ್ಕೆ ಕೂತರೆ ಸರಿ. ಇಲ್ಲದಿದ್ದರೆ ಈ ಕೈಯಿಂದ ಇನ್ನು ಯಾರ ಮೂಳೇನೂ ಮುಟ್ಟಲ್ಲ."

"ಆಣೆ ಯಾರ ಮುಂದೆ?"

"ಗರಡಿಯ ಹನುಮಂತರಾಯನ ಮುಂದೆ. ಕರ್ಪೂರ ಹಚ್ಚಿ."

"ಪಾಪ, ಅವನನ್ನ ಯಾಕೆ ಇದಕ್ಕೆ ಎಳೆದೆ?"

ಶಿಷ್ಯರು ನಕ್ಕರು. ಜವರಪ್ಪ ನಗಲಿಲ್ಲ. ಆಣೆ ಎಂದರೆ ಅವನಿಗೆ ಆಣೆಯೇ.

ಮಡಕೆ ಮುಂದೆ ಕೂರುವುದಕ್ಕೆ ಅವಮಾನವೋ ಎಂದು ಗುರುಗಳು ಕೇಳಿದರು.

"ಅವಮಾನ ಅಲ್ಲ, ಬುದ್ಧಿ. ಮೂಳೆ ಮುಟ್ಟದವನು ಮಡಕೆ ಮುಟ್ಟಿ ಕಲೀಬೇಕು, ನ್ಯಾಯ. ನಾನು ಮೂಳೇನೇ ಮುಟ್ಟಿದೀನಿ. ಬಂಡಿ ಹೊಡೀತಿರೋನನ್ನ ಹಿಡಕೊಂಡು, ಅಂಬೆಗಾಲಿಕ್ಕು ಬಾ ಅಂದ್ರೆ ಹೆಂಗೆ?"

ಹಿರಿಯ ಶಿಷ್ಯ ಆರಾಧ್ಯನಿಗೆ ತಡೆಯಲಾಗಲಿಲ್ಲ. ಅವನು ಮಡಕೆ ದಾಟಲು ಬೆರಳ ತುದಿ ಸವೆಸಿಕೊಂಡವನು. "ಗೋಡೆ ಎದ್ದ ಮೇಲೆ ಪಾಯ ತೋಡಲ್ಲ ಅಂತಾನೆ ಪೈಲ್ವಾನ. ಗೋಡೆ ಎದ್ದಿದೆ ಅಂತ ಹೇಳಿದವರು ಯಾರೋ" ಎಂದ.

"ಎದ್ದು ನಡೆದಾಡ್ತಿರೋ ಗೋಡೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ, ಸ್ವಾಮಿ. ಬಂದು ನೋಡಿ" ಎಂದ ಜವರಪ್ಪ.

ಗುರುಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ಕೂತಿರು" ಎಂದರು, ಅಷ್ಟೆ.

ಜವರಪ್ಪ ಜಗುಲಿಯ ಮೇಲೆ ಕೂತ. ಒಳಗಿನಿಂದ ಚೂರುಗಳು ಒಂದನ್ನೊಂದು ಉಜ್ಜುವ ಸಣ್ಣ ಸದ್ದು ಬರುತ್ತಲೇ ಇತ್ತು. ಹೊತ್ತು ನೆತ್ತಿಗೇರಿತು. ಊಟಕ್ಕೆ ಕರೆದರು, ಹೋಗಲಿಲ್ಲ. ಅಪ್ಪಣೆಯಿಲ್ಲದೆ ಊರಿಗೆ ಹೋಗಿ, ನೋವೆಂದು ಬಂದವನನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸುವುದನ್ನು ನೆನೆದರೆ ಊಟವೇ ಬೇಡವೆನ್ನಿಸುತ್ತಿತ್ತು.

ಆಗ ಹೊಳೆಯ ಕಡೆಯಿಂದ ಇಬ್ಬರು ಹೆಂಗಸರು ಬಂದರು. ಸಣ್ಣತಾಯಮ್ಮ ಎಂಬ ಮುದುಕಿ, ಜೊತೆಗೆ ಅವಳ ಸೊಸೆ. ಬಟ್ಟೆ ಒಗೆಯಲು ಹೋದ ಮುದುಕಿ ಪಾಚಿಯ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಳು. ಬಲಗೈಯನ್ನು ಎಡಗೈಯಲ್ಲಿ ಹೊತ್ತುಕೊಂಡು ಬಂದಿದ್ದಳು. ಮುಖ ಬೂದಿಯಾಗಿತ್ತು.

ಗುರುಗಳು ಅವಳನ್ನು ನೋಡಿದರು. ಆಮೇಲೆ ಜಗುಲಿಯ ಕಡೆ ತಿರುಗಿದರು.

"ಜವರಪ್ಪ, ಏಳು. ಇದೇ ನಿನ್ನ ಮೈ ಪಾಠ. ಕೂರಿಸಿದರೆ ಇವತ್ತೇ ಸೇರಿದೆ ಅಂದುಕೋ."

ಒಳಗೆ ಚೂರುಗಳ ಸದ್ದು ನಿಂತಿತು. ಶಿಷ್ಯರೆಲ್ಲ ಎದ್ದು ಬಂದರು.

ಜವರಪ್ಪ ದೂರದಿಂದಲೇ ಕಂಡುಕೊಂಡ. ಕೈ ಹೊತ್ತ ರೀತಿ, ಒಂದು ಕಡೆಗೆ ವಾಲಿದ ಕುತ್ತಿಗೆ, ಬಿಗಿಹಿಡಿದ ಉಸಿರು. ಗರಡಿಯ ಮಣ್ಣಿನಿಂದ ಎದ್ದು ಬರುವ ಹುಡುಗರು ಹೀಗೇ ಬರುತ್ತಿದ್ದರು, ಕೂದಲೆಳೆಯ ವ್ಯತ್ಯಾಸವಿಲ್ಲ.

"ಭುಜ ಜಾರಿದೆ, ಬುದ್ಧಿ. ಒಂದೇ ಏಟಿಗೆ ಕೂರುತ್ತೆ."

ಮುದುಕಿಯನ್ನು ಚಾಪೆಯ ಮೇಲೆ ಮಲಗಿಸಿದ. ಪಕ್ಕದಲ್ಲಿ ಕೂತು ಅವಳ ಮಣಿಕಟ್ಟನ್ನು ಎರಡು ಕೈಯಲ್ಲಿ ಹಿಡಿದ. ತನ್ನ ಹಿಮ್ಮಡಿಯನ್ನು ಎತ್ತಿ ಅವಳ ಕಂಕುಳಿನ ಹತ್ತಿರ ತಂದ. ಗರಡಿಯ ಪದ್ಧತಿ ಅದು: ಹಿಮ್ಮಡಿ ಊರಬೇಕು, ಮಾತಿಗೆಳೆಯಬೇಕು, ಅವರು ಮಾತಿಗೆ ಬಾಯಿ ತೆರೆದ ಗಳಿಗೆಯಲ್ಲಿ ಕೈ ಜಗ್ಗಬೇಕು.

"ಅಜ್ಜಿ, ನಿಮ್ಮ ತೌರೂರು ಯಾವುದು?"

"ಮಾತಾಡಿಸಿ ಎಳೀತೀಯ, ಅಲ್ವಾ? ಹಲ್ಲು ಕೀಳೋನೂ ಹಿಂಗೇ ಕೇಳಿದ್ದ" ಎಂದಳು ಮುದುಕಿ, ಕಣ್ಣು ಮುಚ್ಚಿಕೊಂಡೇ.

ಯಾರೋ ಕಿಸಕ್ಕೆಂದರು. ಜವರಪ್ಪನ ಹಿಡಿತ ಬಿಗಿಯಾಯಿತು.

ಗುರುಗಳು ಮುದುಕಿಯ ತಲೆಯ ಹತ್ತಿರ ಮಂಡಿಯೂರಿ ಕೂತಿದ್ದರು. ಮೆಲ್ಲಗೆ ಕೇಳಿದರು:

"ಜವರಪ್ಪ, ಈ ತಾಯಿ ಯಾವ ಗರಡಿಯವಳು?"

ಅವನಿಗೆ ಸಿಟ್ಟು ನೆತ್ತಿಗೇರಿತು. ಎಲ್ಲರೆದುರು ಆಡಿಕೊಳ್ಳುತ್ತಿದ್ದಾರೆ ಎನ್ನಿಸಿತು. ಜಗ್ಗಿಬಿಟ್ಟರೆ ಮುಗಿಯಿತು, ಭುಜ ಲಟಕ್ಕೆಂದು ಕೂತರೆ ಈ ನಗುವೆಲ್ಲ ಅಡಗುತ್ತದೆ. ಇಲ್ಲಿ ನಿಂತರೆ ಸೋತಂತೆ. ಸೋತರೆ ಆಣೆ ಇದೆ.

ಆದರೆ ಕೇಳಿದ ಮಾತು ಕಿವಿಯಿಂದ ಕೈಗೆ ಇಳಿದಿತ್ತು.

ಹಿಡಿದಿದ್ದ ಮಣಿಕಟ್ಟು ಅಂಗೈಗೆ ಮೊದಲ ಸಲ ತಿಳಿಯಿತು. ಒಣಗಿದ ಹುರುಳಿಕಡ್ಡಿಯಷ್ಟು ಹಗುರ. ಅವನು ಕೂರಿಸಿದ ಭುಜಗಳೆಲ್ಲ ಎಣ್ಣೆ ಕುಡಿದ, ಮಾಂಸ ತುಂಬಿದ, ಪ್ರಾಯದ ಭುಜಗಳು. ಇಷ್ಟು ವಯಸ್ಸಾದ ಮೈಯನ್ನು ಅವನು ಮುಟ್ಟಿಯೇ ಇರಲಿಲ್ಲ. ಮುದುಕಿಯರು ಪೈಲ್ವಾನನ ಹತ್ತಿರ ಯಾಕೆ ಬಂದಾರು?

ಸೊಸೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು.

ಜವರಪ್ಪ ಕಾಲು ಇಳಿಸಿದ.

ಮಣಿಕಟ್ಟನ್ನು ಚಾಪೆಯ ಮೇಲಿಟ್ಟು ಅವಳ ಭುಜದ ಮೇಲೆ ಬೆರಳಿಟ್ಟ. ಒತ್ತಲಿಲ್ಲ. ಭುಜದ ಗುಂಡು ತನ್ನ ಕುಳಿಯಲ್ಲೇ ಇತ್ತು. ಬೆರಳು ಸ್ವಲ್ಪ ಕೆಳಗೆ ಸರಿಯಿತು. ಮುದುಕಿ ನೋವಿಗೆ ಮೈ ಸೆಳೆದಳು. ಆಗ ಬೆರಳಡಿಯಲ್ಲಿ ಏನೋ ಏನನ್ನೋ ತಿಕ್ಕಿತು, ಹಲ್ಲಿಗೆ ಸಿಕ್ಕ ಮರಳಿನ ಹಾಗೆ.

ಅವನು ಬೆರಳು ಹಿಂದೆಗೆದ. ಜಗ್ಗಿದ್ದರೆ?

"ಬುದ್ಧಿ, ಜಾರಿಲ್ಲ. ಮುರಿದಿದೆ" ಎಂದ. ಗುರುಗಳ ಕಡೆ ತಿರುಗಿ, "ಎಷ್ಟು ಕಡೆ ಅಂತ ನನಗೆ ಗೊತ್ತಾಗ್ತಿಲ್ಲ" ಎಂದ.

ಗುರುಗಳು ಆರಾಧ್ಯನನ್ನು ಕರೆದರು. ಆರಾಧ್ಯ ಕಣ್ಣು ಮುಚ್ಚಿ, ನೊಣ ಕೂತಷ್ಟು ಹಗುರವಾಗಿ ಬೆರಳಾಡಿಸಿದ. ಒಂದೇ ಕಡೆ ಮುರಿದಿದೆ, ತುಂಡುಗಳು ಹೆಚ್ಚು ದೂರ ಸರಿದಿಲ್ಲ, ಎಳೆಯುವ ಅಗತ್ಯವೇ ಇಲ್ಲ ಎಂದ. ಅವನ ದನಿಯಲ್ಲಿ ಬೆಳಗಿನ ಕೊಂಕು ಇರಲಿಲ್ಲ.

ಕಟ್ಟುವಾಗ ಮುದುಕಿಯನ್ನು ಅಲ್ಲಾಡದಂತೆ ಎತ್ತಿ ಹಿಡಿಯಲು ಗುರುಗಳು ಜವರಪ್ಪನಿಗೇ ಹೇಳಿದರು. ಅವನು ಹಸುಗೂಸನ್ನು ಎತ್ತಿದಂತೆ ಎತ್ತಿ, ಎದೆಗೊರಗಿಸಿಕೊಂಡು ಕೂತ. ಆರಾಧ್ಯ ಅವಳ ತೋಳನ್ನು ಎದೆಗೆ ಸೇರಿಸಿ ಬಟ್ಟೆ ಸುತ್ತಿದ.

"ಗಾತ್ರ ನೋಡಿ ಹೆದರಿದ್ದೆ ಕಣಪ್ಪ. ಕೈ ಹತ್ತಿ ಇದ್ದಂಗಿದೆ. ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಮುದುಕಿ ಸೊಸೆಯ ಹೆಗಲು ಹಿಡಿದು ಹೊರಟಳು.

ಅವರು ಕಣ್ಮರೆಯಾದ ಮೇಲೆ ಜವರಪ್ಪ ತನ್ನ ಗಂಟು ಎತ್ತಿಕೊಂಡ. ಗುರುಗಳ ಕಾಲಿಗೆ ಬಿದ್ದ.

"ಹೊರಡ್ತೀನಿ, ಬುದ್ಧಿ. ಕೂರಿಸಿದರೆ ಸೇರಿದೆ ಅಂದಿರಿ. ಕೂರಿಸಲಿಲ್ಲ."

"ಕೂರಿಸೋದಕ್ಕೆ ಅಲ್ಲಿ ಏನಿತ್ತು?"

ಅವನು ಗಂಟು ಕೆಳಗಿಟ್ಟು, "ಹಾಗಾದರೆ ಇಷ್ಟು ವರ್ಷ ಮಾಡಿದ್ದೆಲ್ಲ ಹೊಳೆಗೆ ಹೋಯ್ತಾ, ಬುದ್ಧಿ? ಇವತ್ತು ಅದೇ ನನ್ನ ಕೈಯಲ್ಲಿ ಒಂದು ಜೀವಕ್ಕೆ ಏಟು ಹಾಕಿಸ್ತಿತ್ತು. ನೀವು ತಡೆದಿರಿ, ಉಳೀತು" ಎಂದ.

"ನಾನೆಲ್ಲಿ ತಡೆದೆ? ತಡೆಯೋದಾಗಿದ್ದರೆ ನಿನ್ನ ಕಾಲು ಹಿಡೀತಿದ್ದೆ. ಕೈ ಪಕ್ಕದಲ್ಲೇ ಇಟ್ಟುಕೊಂಡಿದ್ದೆ, ಬೇಕಾಗಲಿಲ್ಲ."

ಜವರಪ್ಪ ತಲೆ ಎತ್ತಿದ.

ಗುರುಗಳು ಹೆಗಲ ವಸ್ತ್ರ ಕೊಡವಿಕೊಂಡು ಎದ್ದರು. ಸಂಜೆಯ ಪೂಜೆಗೆ ನೀರು ತರಲು ಹೊಳೆಯ ಕಡೆ ಎರಡು ಹೆಜ್ಜೆ ಇಟ್ಟು, ತಿರುಗಿ ನಿಂತರು.

"ಕಾಲು ಎತ್ತಿದ್ದು ನಿನ್ನ ಗರಡಿಯ ವರ್ಷಗಳು, ಅವು ನನಗೆ ಕಂಡವು. ಆ ಕಾಲನ್ನ ಇಳಿಸಿದವನು ಯಾರು? ಅವನನ್ನು ಹುಡುಕಿ ಕರಕೊಂಡು ಬಾ, ಮೈ ಪಾಠಕ್ಕೆ ಕೂರಿಸ್ತೀನಿ."